ಮರ ಹತ್ತುವ ಕೆಲಸಕ್ಕೆ ಯಾವ ಹಗ್ಗ, ಯಾವ ಮೆಷಿನ್, ಯಾವ ಗಾಡಿ?

ಏಪ್ರಿಲ್ ಅರ್ಧ ಕಳೆಯಿತೆಂದರೆ ನನ್ನ ಫೋನಿಗೆ ಎರಡು ತರದ ಕರೆ ಬರುತ್ತದೆ. ಒಂದು ಮನೆಯವರದ್ದು: "ಮಾಡಿನ ಮೇಲೆ ಮಾವಿನ ಗೆಲ್ಲು ಬಗ್ಗಿದೆ ಮಾರಾಯ್ರೆ, ಮಳೆ ಹಿಡಿಯುವ ಮೊದಲು ಒಮ್ಮೆ ಬನ್ನಿ." ಇನ್ನೊಂದು ಹುಡುಗರದ್ದು: "ಅಣ್ಣಾ, ಮರ ಕಡಿಯುವ ಚೈನ್‌ಸಾ ಮೆಷಿನ್ ಒಂದು ತೆಗೆಯಬೇಕು ಅಂತ ಉಂಟು. ಯಾವುದು ಒಳ್ಳೆಯದು?"

ಮೊದಲನೆಯವರಿಗೆ ಒಂದು ದಿನ ಹೇಳಿದರೆ ಆಯಿತು. ಎರಡನೆಯವರಿಗೆ ಅರ್ಧ ಗಂಟೆ ಬೇಕು. ಉಡುಪಿ ಸುತ್ತಮುತ್ತ ಮರ ಹತ್ತಿ ಗೆಲ್ಲು (ಕೊಂಬೆ) ಕಡಿಯುವ ಕೆಲಸ ಹಿಡಿದು ನನಗೆ ಹದಿನೆಂಟು ವರ್ಷ ಆಯಿತು. ಬೇಡದ ಸಾಮಾನು ಕೊಂಡು ಕಳೆದ ದುಡ್ಡೆಲ್ಲ ಸೇರಿಸಿದ್ದರೆ ಹಳೆಯ ಟೆಂಪೋ ಒಂದು ಬರುತ್ತಿತ್ತು. ಹಾಗಾಗಿ ಆ ಅರ್ಧ ಗಂಟೆಯ ಮಾತನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಎಲ್ಲರೂ ಮೆಷಿನ್‌ನಿಂದ ಶುರು ಮಾಡುತ್ತಾರೆ. ಆಮೇಲೆ ಗಾಡಿ. ಕೊನೆಗೆ ಉಳಿದ ಚಿಲ್ಲರೆಗೆ ಹಗ್ಗ. ನನ್ನ ಲೆಕ್ಕ ಉಲ್ಟಾ. ಮೊದಲು ಹಗ್ಗ ಮತ್ತು ಬೆಲ್ಟ್, ನಂತರ ಮೆಷಿನ್, ಗಾಡಿ ಎಲ್ಲಕ್ಕಿಂತ ಕೊನೆಗೆ.

ಅಂಗಡಿಗೆ ಹೋಗುವ ಮೊದಲು

ಐದು ವಿಷಯ ನೋಡಿಕೊಳ್ಳಿ. ಒಂದು, ತೂಕ. ಅಂಗಡಿಯ ಮೇಜಿನ ಪಕ್ಕ ನಿಂತು ಎತ್ತಿದಾಗ 6 ಕೆಜಿ ಏನೂ ಅಲ್ಲ. ನೆಲದಿಂದ 30 ಅಡಿ ಮೇಲೆ, ಒಂದು ಕಾಲು ಕವಲಿನಲ್ಲಿ, ಇನ್ನೊಂದು ಗಾಳಿಯಲ್ಲಿ ಇರುವಾಗ ಅದೇ 6 ಕೆಜಿ ಹತ್ತು ನಿಮಿಷಕ್ಕೆ ಭುಜ ಇಳಿಸುತ್ತದೆ.

ಎರಡು, ಕೆಲಸದ ಜಾಗ. ಹಳ್ಳಿ ಕಡೆ ಅಡಿಕೆ ತೋಟದ ಬದಿ ಬೇರೆ, ಮಂಗಳೂರಿನ ಗುಡ್ಡದ ಮೇಲಿನ ಮನೆ ಬೇರೆ. ಅಲ್ಲಿ ಎರಡೂ ಕಡೆ ಕೆಂಪುಕಲ್ಲಿನ ಕಾಂಪೌಂಡ್, ನಡುವೆ ಒಂದು ರಿಕ್ಷಾ ಹೋಗುವಷ್ಟು ದಾರಿ, ಮೇಲೆ ಕರೆಂಟ್ ತಂತಿ. ಮೂರು, ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಸುರಿಯುತ್ತದೆ. ಹಗ್ಗ, ಪೆಟ್ರೋಲ್, ಬ್ಯಾಟರಿ ಯಾವುದಕ್ಕೂ ತೇವ ಒಳ್ಳೆಯದಲ್ಲ.

ನಾಲ್ಕು, ರಿಪೇರಿ ಎಲ್ಲಿ ಆಗುತ್ತದೆ ಅನ್ನುವುದು. ಬಿಡಿಭಾಗಕ್ಕೆ ಬೆಂಗಳೂರಿನ ಪಾರ್ಸೆಲ್ ಕಾಯುವ ಮೆಷಿನ್ ಮೇ ತಿಂಗಳಲ್ಲಿ ಕೆಟ್ಟರೆ ಆ ಸೀಸನ್ ಮುಗಿಯಿತು ಅಂತಲೇ ಲೆಕ್ಕ. ಐದು, ವರ್ಷಕ್ಕೆ ಎಷ್ಟು ದಿನ ಕೆಲಸ. ಪತ್ತನಾಜೆಯ (ಮೇ ಕೊನೆಯ ವಾರದ) ಆಸುಪಾಸು ದಿನಕ್ಕೆ ಮೂರು ಮನೆ ಕರೆಯುತ್ತವೆ. ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳಲ್ಲಿ, ಬಿದ್ದ ಮರ ಬಿಟ್ಟರೆ ಬೇರೆ ಕೆಲಸ ಇಲ್ಲ. ಸಾಲದ ಕಂತಿಗೆ ಮಾತ್ರ ಆಟಿ, ಸೋಣ ಎಂದು ಭೇದ ಇಲ್ಲ.

ಹಗ್ಗ: ಮಲ್ಪೆಯದ್ದೋ, ಹತ್ತುವವರದ್ದೋ?

ನಮ್ಮಲ್ಲಿ ಹಗ್ಗ ಅಂದರೆ ಮಲ್ಪೆ ಬಂದರಿನ ಅಂಗಡಿ. ದೋಣಿಗೆ, ಬಲೆಗೆ ಬೇಕಾದ ನೀಲಿ, ಹಸಿರು, ಹಳದಿ ಹಗ್ಗ ಸುರುಳಿ ಸುರುಳಿಯಾಗಿ ಸಿಗುತ್ತದೆ. ಅಗ್ಗವೂ ಹೌದು. ಆದರೆ ಇದರಲ್ಲಿ ಹೆಚ್ಚಿನದು ಪಾಲಿಪ್ರೊಪಿಲೀನ್. ಹಗುರ, ನೀರಿನಲ್ಲಿ ತೇಲುತ್ತದೆ. ದೋಣಿಗೆ ಬೇಕಾದದ್ದೇ ಅದು. ಮರದಲ್ಲಿ ಹಗ್ಗ ತೇಲಬೇಕಾಗಿಲ್ಲ, ಉಜ್ಜಿದರೆ ತಡೆಯಬೇಕು. ಪಾಲಿಪ್ರೊಪಿಲೀನ್ 160–170 ಡಿಗ್ರಿಗೆ ಕರಗುತ್ತದೆ. ಬಿಸಿಲಿಗೂ ಬೇಗ ಪುಡಿಯಾಗುತ್ತದೆ.

ಇದನ್ನು ನಾನು ಕಲಿತದ್ದು ಒಂದು ಹಲಸಿನ ಮರದಲ್ಲಿ. ದಪ್ಪ ಗೆಲ್ಲೊಂದನ್ನು ಹಂಚಿನ ಮಾಡಿನ ಮೇಲಿಂದ ಕೆಳಗಿಳಿಸುತ್ತಿದ್ದೆವು. ಹಗ್ಗ ಕವಲಿಗೆ ಸುತ್ತಿ, ಕೆಳಗೆ ಇಬ್ಬರು ಹಿಡಿದಿದ್ದರು. ತೂಕ ಜಾಸ್ತಿಯಾಗಿ ಹಗ್ಗ ಸರ್ರನೆ ಓಡಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ನನ್ನ ಮೂಗಿಗೇ ಬಂತು. ಗೆಲ್ಲು ಹೇಗೋ ನೆಲ ಮುಟ್ಟಿತು. ಆಮೇಲೆ ಹಗ್ಗ ಮುಟ್ಟಿ ನೋಡಿದರೆ ಒಂದು ಮೊಳ ಉದ್ದ ಎಳೆಗಳೆಲ್ಲ ಅಂಟಿಕೊಂಡು ಗಾಜಿನ ಹಾಗೆ ನುಣ್ಣಗಾಗಿತ್ತು. ಬಗ್ಗಿಸಿದೆ, ಟಕ್ ಅಂತ ಬಿರುಕು ಬಿಟ್ಟಿತು. ಅದೇ ಸುರುಳಿಯ ಇನ್ನೊಂದು ತುಂಡು ಆಗ ನನ್ನ ಸೊಂಟದಲ್ಲಿತ್ತು.

ನೈಲಾನ್ ಹಗ್ಗ 200 ಡಿಗ್ರಿ ದಾಟಿದ ಮೇಲೆ ಕರಗುವುದು. ಜೋಲಿ ಹೊಡೆದರೆ ಹಿಗ್ಗಿ ಏಟು ನುಂಗುತ್ತದೆ. ಆದರೆ ಅದೇ ಹಿಗ್ಗುವಿಕೆ ಹಂಚಿನ ಮನೆಯ ಮೇಲೆ ತೊಂದರೆ. ಅರ್ಧ ಅಡಿ ಮೇಲೆ ನಿಲ್ಲಬೇಕಾದ ಗೆಲ್ಲು ಹಿಗ್ಗಿ ಬಂದು ಹಂಚಿನ ಮೇಲೇ ಕೂರುತ್ತದೆ. ಒದ್ದೆಯಾದರೆ ಬಲವೂ ಸ್ವಲ್ಪ ಕಡಿಮೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ಗೆಲ್ಲು ಇಳಿಸಲು ಅದೇ ನನಗೆ ಇಷ್ಟ. ಮೈಗೆ ಕಟ್ಟಿಕೊಳ್ಳುವುದಕ್ಕೆ ಮಾತ್ರ ಇದ್ಯಾವುದೂ ಬೇಡ. ಒಳಗೆ ತಿರುಳು, ಹೊರಗೆ ಹೆಣೆದ ಕವಚ ಇರುವ, ಹತ್ತುವವರಿಗೆಂದೇ ಮಾಡಿದ 11 ಅಥವಾ 12 ಮಿ.ಮೀ. ಹಗ್ಗ ತೆಗೆದುಕೊಳ್ಳಿ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನಬಹುದು. 40 ಮೀಟರ್ ಇದ್ದರೆ ಸಾಕು, 100 ಬೇಡ.

ಎರಡು ಹಗ್ಗ ಎಂದೂ ಅದಲುಬದಲು ಆಗಬಾರದು. ನನ್ನ ಮೈ ಹಗ್ಗದ ತುದಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಕೆಲಸದವರು ಅದನ್ನು ಮುಟ್ಟಿದರೆ ಬೈಗುಳ ಗ್ಯಾರಂಟಿ. ಸಂಜೆ ಜಗಲಿಯಲ್ಲಿ ಕೂತು ಪೂರ್ತಿ ಹಗ್ಗವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಎಳೆದು ನೋಡುತ್ತೇನೆ. ಚಪ್ಪಟೆಯಾದ ಜಾಗ, ಗಂಟುಗಂಟಾದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಒಮ್ಮೆ ಜೋರಾಗಿ ಜಗ್ಗಿದ ಹಗ್ಗವನ್ನು ಕತ್ತರಿಸಿ ದನ ಕಟ್ಟಲು ಕೊಟ್ಟುಬಿಡಿ.

ಬೆಲ್ಟಿನಲ್ಲೂ ಮೂರು ಆಯ್ಕೆ ಉಂಟು. ಬರೀ ಸೊಂಟದ ಬೆಲ್ಟ್ ಬೇಡ. ಬಿದ್ದರೆ ಬೆನ್ನು ಹೋಗುತ್ತದೆ. ಕಟ್ಟಡ ಕೆಲಸದವರ ಪೂರ್ತಿ ಮೈಯ ಬೆಲ್ಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಮೇಲೆ ಐಎಸ್ 3521 ಎಂದು ಭಾರತೀಯ ಗುಣಮಟ್ಟದ ಗುರುತು ಇದೆಯಾ ನೋಡಿ. ಅದು ಬೀಳುವವನನ್ನು ಹಿಡಿಯುವುದಕ್ಕೆ ಮಾಡಿದ್ದು. ಕೊಕ್ಕೆ ಬೆನ್ನ ಹಿಂದೆ ಇರುತ್ತದೆ, ಅದರಲ್ಲಿ ನೇತುಕೊಂಡು ಕೆಲಸ ಮಾಡಲಾಗುವುದಿಲ್ಲ. ಹಾಗಾಗಿ ಸೊಂಟದ ಎರಡೂ ಬದಿಗೆ ರಿಂಗ್ ಇರುವ ಮಾದರಿಯನ್ನೇ ಕೇಳಿ. ಮರವನ್ನು ಸುತ್ತಿ ಬರುವ ಗಿಡ್ಡ ಹಗ್ಗ ಒಂದನ್ನು ಆ ರಿಂಗುಗಳಿಗೆ ಸಿಕ್ಕಿಸಬಹುದು, ಎರಡೂ ಕೈ ಖಾಲಿ. ಕೂರುವ ಪಟ್ಟಿ ಇರುವ, ಮರದವರಿಗೆಂದೇ ಮಾಡಿದ ಬೆಲ್ಟ್ ಮೂರನೆಯದು. ದಿನವಿಡೀ ಮರದಲ್ಲಿ ಇರುವವರಿಗೆ ಅದು ಬೇಕು, ತಿಂಗಳಿಗೆ ನಾಲ್ಕು ಮರ ಹತ್ತುವವರಿಗೆ ಎರಡನೆಯದೇ ಸಾಕು.

ಯಾವುದೇ ಇರಲಿ, ಮೆಷಿನ್ ಚಾಲೂ ಇರುವಾಗ ಮೈಗೆ ಎರಡು ಕಡೆ ಕಟ್ಟು ಇರಬೇಕು. ಚೈನ್‌ಗೆ ಒಂದು ಹಗ್ಗ ತಾಗಿದರೂ ಇನ್ನೊಂದು ಇರುತ್ತದೆ. ಗಿಡ್ಡ ಹಗ್ಗದ ಒಳಗೆ ಉಕ್ಕಿನ ತಂತಿ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಮತ್ತೆ, ಮೇಲೆ ಎಚ್ಚರ ತಪ್ಪಿ ನೇತಾಡುವವನನ್ನು ಬೇಗ ಇಳಿಸಬೇಕು, ಹಾಗೇ ಬಿಟ್ಟರೆ ರಕ್ತದ ಓಟ ಕಟ್ಟಿ ಜೀವಕ್ಕೇ ಅಪಾಯ. ಕೆಳಗಿರುವ ಇಬ್ಬರಲ್ಲಿ ಒಬ್ಬನಿಗಾದರೂ ಹತ್ತಿ ಇಳಿಸಲು ಗೊತ್ತಿರಬೇಕು.

ಮುಳ್ಳಿನ ಬೂಟಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಬುಡದಿಂದ ತೆಗೆಯುವ ಮರಕ್ಕೆ ಹಾಕಿ, ಉಳಿಯುವ ಮರಕ್ಕೆ ಬೇಡ. ತೆಂಗಿಗಂತೂ ಬೇಡವೇ ಬೇಡ. ತೆಂಗಿನ ಕಾಂಡದ ಗಾಯ ಮಾವಿನ ಹಾಗೆ ಕೂಡಿಕೊಳ್ಳುವುದಿಲ್ಲ, ಆ ತೂತಿನ ವಾಸನೆಗೆ ಕೆಂಪು ಮೂತಿ ಹುಳ ಬರುತ್ತದೆ. ತೆಂಗಿಗೆ ಕಾಲಿನ ತಳೆ ಅಥವಾ ಪೆಡಲ್ ಇರುವ ಹತ್ತುವ ಯಂತ್ರ ಸರಿ. 2019ರಲ್ಲಿ ಬಂಟ್ವಾಳ ಕಡೆಯ ಕೃಷಿಕರೊಬ್ಬರು ಅಡಿಕೆ ಮರ ಹತ್ತುವ ಬೈಕೇ ಮಾಡಿದ್ದರು, ವಿಡಿಯೊ ನೀವೂ ನೋಡಿರಬಹುದು. ನೆಟ್ಟಗೆ, ಒಂದೇ ದಪ್ಪಕ್ಕೆ ಹೋಗುವ ಕಾಂಡಕ್ಕೆ ಅದೆಲ್ಲ ಚೆನ್ನ. ಹತ್ತಡಿಗೆ ಕವಲೊಡೆಯುವ ಮಾವು, ಹಲಸಿಗೆ ಹಗ್ಗವೇ ಗತಿ.

ಮೆಷಿನ್: ಸಿಸಿ ನೋಡಿ ಮರುಳಾಗಬೇಡಿ

ಮೊದಲು ಒಂದು ಬಾಗಿದ ಕೈ ಗರಗಸ ಕೊಳ್ಳಿ, ಒರೆಯ ಸಮೇತ. ಕೈ ತೋಳಿನಷ್ಟು ದಪ್ಪದ ಗೆಲ್ಲಿಗೆ ಅದೇ ಸಾಕು. ಮರದ ಮೇಲೆ ನನ್ನ ಅರ್ಧ ಕೆಲಸ ಅದರಲ್ಲೇ ಮುಗಿಯುತ್ತದೆ. ಶಬ್ದ ಇಲ್ಲ, ಕೆಳಗಿನವರು ಕೂಗಿದ್ದು ಕೇಳುತ್ತದೆ.

ಪೆಟ್ರೋಲ್ ಮೆಷಿನ್‌ನಲ್ಲಿ 30–35 ಸಿಸಿಯದ್ದು ಸುಮಾರು 4 ಕೆಜಿ ಬರುತ್ತದೆ. ಮರದ ಮೇಲೆ ಒಯ್ಯಲು ಇದು. 45 ಸಿಸಿ ನೆಲದಲ್ಲಿ ತುಂಡು ಮಾಡಲು, ನಡುಗಾತ್ರದ ಮರ ಬೀಳಿಸಲು. 70 ಸಿಸಿ ದಾಟಿದ್ದು ಬುಡ ಕಡಿಯುವವರಿಗೆ, ದಿಮ್ಮಿ ಮಾಡುವವರಿಗೆ. ಸ್ಟಿಲ್, ಹಸ್ಕ್‌ವರ್ನಾ ಎರಡಕ್ಕೂ ಬಿಡಿಭಾಗ ಸಿಗುವುದರಿಂದ ನಮ್ಮ ಕೆಲಸದವರಲ್ಲಿ ಹೆಚ್ಚಿನವರ ಹತ್ತಿರ ಇವೇ ಇರುವುದು. ಎರಡರಲ್ಲಿ ಯಾವುದು ಎಂದು ಜಗಳ ಆಡುವುದಕ್ಕಿಂತ ನಿಮ್ಮ ಮನೆಗೆ ಯಾವುದರ ಮೆಕ್ಯಾನಿಕ್ ಹತ್ತಿರ ನೋಡಿ.

ಆನ್‌ಲೈನಿನಲ್ಲಿ ಆರೇಳು ಸಾವಿರಕ್ಕೆ 58 ಸಿಸಿ ಎಂದು ಬರುತ್ತದಲ್ಲ, ಅದನ್ನು ನಾನೂ ತೆಗೆದಿದ್ದೆ. ಹೆಸರು ಹೇಳುವುದಿಲ್ಲ. ಮೂರನೇ ವಾರ ಅಕೇಶಿಯಾ ಮರದ ಮೇಲಿರುವಾಗ ಸ್ಟಾರ್ಟರ್ ದಾರ ಕೈಗೇ ಬಂತು. ಅದು ದೊಡ್ಡ ವಿಷಯ ಅಲ್ಲ. ಬಿಚ್ಚಿ ನೋಡಿದಾಗ ಚೈನ್ ಬ್ರೇಕಿನ ಪಟ್ಟಿ ಡ್ರಮ್ಮಿಗೆ ತಾಗುತ್ತಲೇ ಇರಲಿಲ್ಲ, ಇಷ್ಟು ದಿನ ನಾನು ಬ್ರೇಕ್ ಇಲ್ಲದೆ ಕಡಿಯುತ್ತಿದ್ದೆ. ಚೈನ್ ಸುತ್ತುವ ಉದ್ದ ಪಟ್ಟಿ, ಅಂದರೆ ಬಾರಿನ, ಮೂತಿಯ ಮೇಲ್ಭಾಗ ಗೆಲ್ಲಿಗೆ ತಾಗಿದರೆ ಮೆಷಿನ್ ಮುಖಕ್ಕೇ ಎಗರುತ್ತದೆ, ಆಗ ಉಳಿಸುವುದು ಆ ಬ್ರೇಕ್ ಒಂದೇ. ಸ್ವಂತ ತೋಟದಲ್ಲಿ ವರ್ಷಕ್ಕೆ ಹತ್ತು ದಿನ ನೆಲದ ಮೇಲೆ ಸೌದೆ ಕಡಿಯುವವರಾದರೆ ಅಗ್ಗದ್ದು ನಡೆಯಬಹುದು, ಬ್ರೇಕ್ ಪರೀಕ್ಷೆ ಮಾಡಿಕೊಂಡು. ಮರ ಹತ್ತುವವರಿಗೆ ಬೇಡ.

ಬ್ಯಾಟರಿ ಮೆಷಿನ್ ಬಗ್ಗೆ ನನಗೆ ಮೊದಲು ನಂಬಿಕೆ ಇರಲಿಲ್ಲ. ಒಂದು ವಾರ ಸ್ನೇಹಿತನದ್ದು ತಂದು ಬಳಸಿದೆ. ಮರದ ಮೇಲೆ ದಾರ ಎಳೆಯುವ ಕಷ್ಟವೇ ಇಲ್ಲ, ಗುಂಡಿ ಒತ್ತಿದರೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆಸ್ಪತ್ರೆ, ಶಾಲೆ, ಫ್ಲ್ಯಾಟ್ ಇರುವ ಕಡೆ ಗಲಾಟೆ ಇಲ್ಲ, ಹೊಗೆ ಇಲ್ಲ. ಮಂಗಳೂರು ಪೇಟೆಯೊಳಗೆ ಗೆಲ್ಲು ಸವರುವ ಕೆಲಸವೇ ಹೆಚ್ಚು ಇರುವವರು ಧೈರ್ಯವಾಗಿ ತೆಗೆದುಕೊಳ್ಳಿ. ಆದರೆ ಒಂದು ಬ್ಯಾಟರಿಗೆ ದಿನ ಕಳೆಯುವುದಿಲ್ಲ, ಮೂರಾದರೂ ಬೇಕು. ಬೆಲೆ ಹಾರುವುದು ಅಲ್ಲೇ. ಇನ್ನೊಂದು, ಜೂನ್‌ನ ಗಾಳಿಮಳೆಗೆ ಮರ ಬಿದ್ದ ಊರಲ್ಲಿ ಅದೇ ಮರ ತಂತಿಯ ಮೇಲೂ ಬಿದ್ದಿರುತ್ತದೆ. ಚಾರ್ಜ್ ಮಾಡಲು ಕರೆಂಟ್ ಎಲ್ಲಿಂದ? ಬಿದ್ದ ಮರ ತೆರವು ಮಾಡುವುದೇ ನಿಮ್ಮ ಮುಖ್ಯ ಸಂಪಾದನೆ ಆದರೆ ಪೆಟ್ರೋಲ್‌ನದ್ದೇ ಇರಲಿ.

ಪೆಟ್ರೋಲಿಗೂ ಅದರದ್ದೇ ರಗಳೆ ಉಂಟು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಎಳೆಯುತ್ತದೆ. ನಮ್ಮ ಜುಲೈಯಲ್ಲಿ ಕೇಳಬೇಕಾ? ಒಂದು ವಾರಕ್ಕೆ ಆಗುವಷ್ಟು ಪೆಟ್ರೋಲಿಗೆ ಮಾತ್ರ ಆಯಿಲ್ ಬೆರೆಸಿ. ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ 5 ಲೀಟರಿಗೆ 100 ಮಿ.ಲೀ., ಅಂದಾಜಿಗೆ ಸುರಿಯಬೇಡಿ. ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ.

ಮೆಷಿನ್ ಎಷ್ಟೇ ದೊಡ್ಡದಿರಲಿ, ಕಡಿಯುವುದು ಚೈನ್. ಉದ್ದ ಚಕ್ಕೆ ಬಿದ್ದರೆ ಹರಿತ ಇದೆ, ಹಿಟ್ಟಿನ ಹಾಗೆ ಪುಡಿ ಬಿದ್ದರೆ ಮೊಂಡಾಗಿದೆ. ಚೈನ್ ಹರಿತ ಮಾಡುವ ಅರ ಸರಿ ಅಳತೆಯದ್ದು ಬೇಕು: ಸಣ್ಣ ಮೆಷಿನ್‌ಗಳ ಚೈನ್‌ಗೆ ಸಾಮಾನ್ಯವಾಗಿ 4 ಮಿ.ಮೀ., ನಡುವಿನದಕ್ಕೆ 4.8, ದೊಡ್ಡದಕ್ಕೆ ಹೆಚ್ಚಾಗಿ 5.2. ಯಾವಾಗಲೂ ಎರಡು ಚೈನ್ ಜಾಸ್ತಿ ಇಟ್ಟುಕೊಳ್ಳಿ. ಮನೆ ಅಂಗಳದ ಮಾವಿನ ಮರ ಒಂದರಲ್ಲಿ ಚೈನ್ ಚೆಂದವಾಗಿ ಇಳಿಯುತ್ತಿತ್ತು, ಒಮ್ಮೆಲೇ ಕಿರ್ರೆಂದು ಕಿಡಿ ಹಾರಿತು. ನೋಡಿದರೆ ಯಾವ ಕಾಲದಲ್ಲೋ ಹೊಡೆದ ಮೊಳೆ. ಮರ ಅದನ್ನು ನುಂಗಿ ಮೇಲೆ ತೊಗಟೆ ಮುಚ್ಚಿಕೊಂಡಿತ್ತು. ಮನೆಯ ಅಜ್ಜಿ ಬಂದು ನೋಡಿ, "ಹೋ, ಅದು ನಮ್ಮ ಮದುವೆಯ ಚಪ್ಪರಕ್ಕೆ ಹೊಡೆದದ್ದಿರಬೇಕು" ಅಂದರು!

ತಲೆಗೆ ಗಲ್ಲದ ಪಟ್ಟಿ ಇರುವ ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಿಗೆ ಮೊದಲ ದಿನದಿಂದಲೇ ಬೇಕು. ಚೈನ್ ತಡೆಯುವ ಪ್ಯಾಂಟ್ ನಮ್ಮ ಸೆಕೆಗೆ ಹಿಂಸೆಯೇ. ಆದರೆ ಅದರೊಳಗಿನ ನೂಲು ಚೈನ್‌ಗೆ ಸುತ್ತಿ ಮೆಷಿನ್ನನ್ನೇ ನಿಲ್ಲಿಸುತ್ತದೆ. ನೆಲದಲ್ಲಿ ತುಂಡು ಮಾಡುವವನಿಗೆ ಕಾಲಿನ ಮುಂಭಾಗಕ್ಕೆ ಮಾತ್ರ ಕಟ್ಟುವಂಥದ್ದಾದರೂ ಇರಲಿ.

ಗಾಡಿ: ಪೇಟೆಯೋ ಹಳ್ಳಿಯೋ?

ಹಳ್ಳಿ ಕಡೆ ಮರ ಕಡಿದರೆ ಏನೂ ಹೊರಗೆ ಹೋಗುವುದಿಲ್ಲ. ಸೌದೆ ಬಚ್ಚಲಿನ ಹಂಡೆಗೆ, ಸೊಪ್ಪು ಹಟ್ಟಿಗೆ ಅಥವಾ ಅಡಿಕೆ ಬುಡಕ್ಕೆ. ನೀವು ಬೈಕಿನಲ್ಲಿ ಹಗ್ಗ, ಮೆಷಿನ್ ಕಟ್ಟಿಕೊಂಡು ಹೋದರೆ ಆಯಿತು. ಮಂಗಳೂರಿನ ಫ್ಲ್ಯಾಟಿನವರಿಗೆ ಒಂದು ಎಲೆ ಉಳಿದರೂ ಆಗುವುದಿಲ್ಲ. ಹಾಗಾಗಿ ಗಾಡಿ ಬೇಕೋ ಬೇಡವೋ ಅನ್ನುವುದು ನಿಮ್ಮ ಗಿರಾಕಿಯನ್ನು ನೋಡಿ ನಿರ್ಧಾರ ಆಗಬೇಕು.

ಲೋಡಿನ ಲೆಕ್ಕ ಒಮ್ಮೆ ಹಾಕಿ ನೋಡಿ. 2 ಅಡಿ ದಪ್ಪ, 5 ಅಡಿ ಉದ್ದದ ಹಸಿ ಮಾವಿನ ತುಂಡು ಸುಮಾರು 400 ಕೆಜಿ ತೂಗುತ್ತದೆ. ಮೂರು ಚಕ್ರದ ಗೂಡ್ಸ್ ರಿಕ್ಷಾಕ್ಕೆ ಅಂಥದ್ದು ಒಂದೇ. ಟಾಟಾ ಏಸ್ ತರದ ಸಣ್ಣ ಟೆಂಪೋಗೆ ಮುಕ್ಕಾಲು ಟನ್ ಆಸುಪಾಸು, ಎರಡು ಹಾಕಿದರೆ ಹೆಚ್ಚಾಯಿತು. ಬೊಲೆರೊ ಪಿಕಪ್ ಆದರೆ ಮೂರು ಆರಾಮ. ಆದರೆ ಪಿಕಪ್ ನುಗ್ಗದ ಓಣಿಗೆ ಏಸ್ ನುಗ್ಗುತ್ತದೆ, ಏಸ್ ನುಗ್ಗದಲ್ಲಿಗೆ ರಿಕ್ಷಾ. ಗೆಲ್ಲು, ಸೊಪ್ಪಿಗೆ ತೂಕ ಇಲ್ಲ, ಜಾಗ ಬೇಕು. ಅದಕ್ಕೆ ಬದಿಯ ಹಲಗೆ ಎತ್ತರ ಮಾಡಿಸಿದ ಏಸ್ ಸಾಕು.

ನನ್ನ ಅಭಿಪ್ರಾಯ: ಮೊದಲ ಎರಡು ವರ್ಷ ಬಾಡಿಗೆಗೆ ಟೆಂಪೋ ಕರೆಯಿರಿ, ಬಾಡಿಗೆಯನ್ನು ಮನೆಯವರ ಲೆಕ್ಕಕ್ಕೆ ಹಾಕಿ. ತಿಂಗಳಿಗೆ ಹತ್ತು ಬಾಡಿಗೆ ದಾಟಿತು, ಮಳೆಗಾಲದಲ್ಲೂ ಬೇರೆ ಲೋಡ್ ಸಿಗುತ್ತದೆ ಅನಿಸಿದರೆ ಸ್ವಂತದ್ದು ತೆಗೆಯಿರಿ. ಲೈಸೆನ್ಸಿನ ಚಿಂತೆ ಬೇಡ. ಒಟ್ಟು ತೂಕ 7500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ (ಹಗುರ ವಾಹನದ) ಲೈಸೆನ್ಸ್ ಸಾಕು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ. ಮರ ಸಾಗಿಸುವ ಕಾಗದ ಬೇರೆ. ಸಾಗುವಾನಿ, ಬೀಟೆಯಂಥದ್ದಕ್ಕೆ ಅರಣ್ಯ ಇಲಾಖೆಯ ಪಾಸ್ ಇಲ್ಲದೆ ಒಂದು ತುಂಡನ್ನೂ ಹತ್ತಿಸಬೇಡಿ. ಕಡಿಯುವುದಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ಅಡಿಕೆ, ರಬ್ಬರ್, ಗಾಳಿಮರ ಇಂಥ ಕೆಲವಕ್ಕೆ ವಿನಾಯಿತಿ. ಮನೆಯವರು "ನಮ್ಮದೇ ಜಾಗ" ಅಂದರೆ ಸಾಲದು, ಅನುಮತಿಯ ಕಾಗದ ಕಣ್ಣಾರೆ ನೋಡಿ.

ಕ್ರೇನ್ ಅಥವಾ ಬಕೆಟ್ ಲಿಫ್ಟ್ ಕೊಳ್ಳುವ ಮಾತು ನಮ್ಮಂಥವರಿಗಲ್ಲ, ಗಂಟೆಯ ಬಾಡಿಗೆಗೆ ಸಿಗುತ್ತದೆ. ಯಾವಾಗ ಕರೆಯಬೇಕು ಗೊತ್ತಿರಬೇಕು ಅಷ್ಟೆ. ಒಣಗಿ ನಿಂತ ಅಕೇಶಿಯಾ, ಸಿಡಿಲು ಬಡಿದ ತೆಂಗು, ಮನೆಗೆ ಒರಗಿದ ಮರ, ತಟ್ಟಿದರೆ ಟೊಳ್ಳು ಶಬ್ದ ಬರುವ ಬುಡ ಇವನ್ನು ನಾನು ಹತ್ತುವುದಿಲ್ಲ. ಗಿರಾಕಿ ಹೋದರೆ ಹೋಗಲಿ. ಕ್ರೇನ್ ತರಿಸುವ ಮೊದಲು ಅಂಗಳದಲ್ಲಿ ಶೌಚದ ಗುಂಡಿ, ಹಳೆ ಬಾವಿ ಎಲ್ಲಿದೆ ಕೇಳಿ. ಚಕ್ರ ಸ್ಲ್ಯಾಬಿನೊಳಗೆ ಹೂತದ್ದನ್ನು ನೋಡಿದ್ದೇನೆ.

ತಂತಿ ಹತ್ತಿರ ಇದ್ದರೆ ಮೆಸ್ಕಾಂನವರಿಂದ ಲೈನ್ ಕ್ಲಿಯರ್ ಆಗದೆ ಏಣಿಯನ್ನೂ ಇಡಬೇಡಿ. "ಕರೆಂಟ್ ಹೋಗಿದೆ ಅಲ್ವಾ, ಬೇಗ ಕಡಿದುಬಿಡಿ" ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಪಕ್ಕದ ಮನೆಯ ಜನರೇಟರಿನಿಂದ ತಂತಿಗೆ ಹಿಂದಿನಿಂದ ಕರೆಂಟ್ ಬರಬಹುದು. ಲೈನ್‌ಮನ್ ಅರ್ತ್ ಹಾಕಿ ತಾನೇ ಬಾಯಿಬಿಟ್ಟು ಹೇಳಬೇಕು.

ದುಡ್ಡು ಹೇಗೆ ಹಂಚುವುದು?

ಕೈಯಲ್ಲಿ ಇಪ್ಪತ್ತೈದು ಸಾವಿರ ಇದ್ದರೆ ಬೆಲ್ಟ್, ಮೈ ಹಗ್ಗ, ಹೆಲ್ಮೆಟ್, ಕೈ ಗರಗಸ ತೆಗೆದುಕೊಂಡು ಮೆಷಿನ್ ಇರುವವರ ಜೊತೆ ಒಂದು ಸೀಸನ್ ಹತ್ತಿ. ಅದರ ದುಪ್ಪಟ್ಟು ಇದ್ದರೆ ಒಂದು 30–35 ಸಿಸಿ ಮೆಷಿನ್, ಗೆಲ್ಲು ಇಳಿಸುವ ಹಗ್ಗ ಸೇರಿಸಿ. 45 ಸಿಸಿಯದ್ದು ಮುಂದಿನ ವರ್ಷ ಬರಲಿ, 70 ಸಿಸಿ ಬೇಕಾದ ದಿನ ಬಾಡಿಗೆಗೆ ತನ್ನಿ. ಇದರ ಜೊತೆ ವಿಮೆ ಮಾಡಿಸಿಕೊಳ್ಳಿ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಇದೆ.

ದಿನಚರಿ ಗೊತ್ತಿಲ್ಲದೆ ಈ ಕೆಲಸಕ್ಕೆ ಬರಬೇಡಿ. ಏಳಕ್ಕೆ ಮರದ ಬುಡದಲ್ಲಿ ಇರಬೇಕು, ಹತ್ತಕ್ಕೆ ಗಂಜಿ, ಒಂದೂವರೆಗೆ ಮೇಲಿನ ಕೆಲಸ ಬಂದ್. ಊಟದ ನಂತರ ನಾನು ಹತ್ತುವುದಿಲ್ಲ, ಬರೀ ತುಂಡು ಮಾಡುವುದು, ಹೊರುವುದು. ಮಾವಿನ ಮರ ಅಂದರೆ ಚಗಳಿ ಇರುವೆ ಇದ್ದೇ ಇದೆ, ಕುತ್ತಿಗೆಗೆ ಬೈರಾಸು ಸುತ್ತಿ. ಚೇರೆ ಮರದ ಸೊನೆ ತಾಗಿದರೆ ವಾರ ಗಟ್ಟಲೆ ಗುಳ್ಳೆ. ಗುರುತಿಲ್ಲದ ಮರಕ್ಕೆ ಉದ್ದ ತೋಳಿನ ಅಂಗಿ ಇಲ್ಲದೆ ಕೈ ಹಾಕಬೇಡಿ. ನಾಗಬನದ ಮರಕ್ಕೆ ಯಾರು ಎಷ್ಟು ಕೊಟ್ಟರೂ ನಾನು ಕತ್ತಿ ತಾಗಿಸುವುದಿಲ್ಲ, ಅದು ನಿಮ್ಮ ನಿಮ್ಮ ನಂಬಿಕೆಗೆ ಬಿಟ್ಟದ್ದು.

ಕೊಳ್ಳಲು ಮೇ ತಿಂಗಳಲ್ಲಿ ಹೋಗಬೇಡಿ. ಅಂಗಡಿಯಲ್ಲಿ ರಶ್, ಮಾತಾಡಲು ಪುರುಸೊತ್ತಿಲ್ಲ. ಆಟಿಯಲ್ಲಿ ಹೋಗಿ. ಮೆಕ್ಯಾನಿಕ್ ಸುಮ್ನೆ ಕೂತಿರುತ್ತಾನೆ, ಚೈನ್ ಮುಚ್ಚಳ ಬಿಚ್ಚಿ ಬ್ರೇಕ್ ತೋರಿಸು, ಅರ ಹಾಕಲು ಕಲಿಸು ಅಂದರೆ ಎರಡು ಗಂಟೆ ಕೂರುತ್ತಾನೆ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ. ಅಮಾವಾಸ್ಯೆ ದಿನ ಮಾತ್ರ ಕರೆಯಬೇಡಿ. ಅವತ್ತು ನಸುಕಿಗೇ ಆಟಿ ಕಷಾಯಕ್ಕೆ ಹಾಲೆ ಮರದ ತೊಗಟೆ ತರಲು ಹೋಗುವುದಿದೆ, ಅದೂ ಕಲ್ಲಿನಿಂದ ಜಜ್ಜಿ. ಆ ಮರಕ್ಕೆ ಅಂದು ಕಬ್ಬಿಣ ಮುಟ್ಟಿಸುವ ಹಾಗಿಲ್ಲ.